ಸ್ಫೂರ್ತಿಯ ಮಾತು ಫೋನಿನಿಂದ ಕೈಗೆ ಇಳಿಯುವುದು ಹೇಗೆ?

"ಕೋಟ್‌ಗಳನ್ನು ಓದಿದಾಗ ಹುರುಪು ಬರುತ್ತದೆ. ಹತ್ತು ನಿಮಿಷಕ್ಕೆ ಇಳಿದುಹೋಗುತ್ತದೆ. ಏನು ಮಾಡಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಚಿತ್ರ ಬರೆಯುವವರು ಕೇಳುತ್ತಾರೆ, ಕಸೂತಿ ಹಾಕುವವರು ಕೇಳುತ್ತಾರೆ. ಕೊಳಲು ಕಲಿಯಲು ಹೊರಟವರು, ಕಥೆ ಬರೆಯಲು ಕೂತವರು ಎಲ್ಲರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ. ಸ್ಫೂರ್ತಿಯ ಮಾತುಗಳನ್ನು ಗೇಲಿ ಮಾಡುವ ಗುಂಪಿಗೆ ಸೇರಿದವಳಲ್ಲ ನಾನು. ಆದರೆ ಅವುಗಳಿಂದ ಆಗುವ ಕೆಲಸ ನಾವು ಅಂದುಕೊಂಡದ್ದಕ್ಕಿಂತ ತುಂಬ ಚಿಕ್ಕದು. ಕೆಟ್ಟು ನಿಂತ ಗಾಡಿಯನ್ನು ಯಾರೋ ಹಿಂದಿನಿಂದ ತಳ್ಳಿಕೊಟ್ಟ ಹಾಗೆ. ತಳ್ಳಿದವರು ಊರ ತನಕ ತಳ್ಳಿಕೊಂಡು ಬರುವುದಿಲ್ಲ, ಅಲ್ವಾ? ಇಂಜಿನ್ ಶುರುವಾದ ಮೇಲೆ ಓಡಿಸಬೇಕಾದವರು ನೀವೇ. ಗಾಡಿ ಯಾವ ಗುಂಡಿಯಲ್ಲಿ ನಿಂತಿದೆ ಎಂದು ಗೊತ್ತಿಲ್ಲದೆ ತಳ್ಳಿದರೆ ಬೆನ್ನು ನೋವು ಬಿಟ್ಟು ಬೇರೇನೂ ಸಿಗುವುದಿಲ್ಲ. ಕೆಳಗಿನ ಹಂತಗಳೆಲ್ಲ ಆ ಗುಂಡಿಯನ್ನು ಹುಡುಕಿ, ಅದಕ್ಕೆ ತಕ್ಕ ಮಾತನ್ನು ಅದರ ಪಕ್ಕದಲ್ಲೇ ಇಡುವುದಕ್ಕೆ.

ಏನೇನು ಬೇಕು

ಜಾಸ್ತಿ ಏನೂ ಬೇಡ. ಅಂಗೈ ಅಗಲದ ದಪ್ಪ ಕಾಗದದ 12 ಚೀಟಿಗಳು, ಒಂದು ಪೆನ್ನು, ಒಂದು ಸಣ್ಣ ನೋಟ್‌ಬುಕ್, ಒಂದು ಗಡಿಯಾರ. ಜೊತೆಗೆ ಒಂದು ವಾರದ ತಾಳ್ಮೆ. ಹೊಸ ಡೈರಿ, ಬಣ್ಣಬಣ್ಣದ ಪೆನ್ನು, ಸ್ಟಿಕ್ಕರ್ ಕೊಳ್ಳಲು ಹೊರಡಬೇಡಿ. ಅದೇ ಇನ್ನೊಂದು ಹವ್ಯಾಸವಾಗಿಬಿಡುತ್ತದೆ, ಮೊದಲಿನದು ಹಾಗೇ ಉಳಿಯುತ್ತದೆ.

ಫೋನ್‌ನಲ್ಲಿ ಈಗಾಗಲೇ ಕೂಡಿಟ್ಟ ಕೋಟ್‌ಗಳಿದ್ದರೆ ಅಳಿಸಬೇಡಿ. ಸದ್ಯಕ್ಕೆ ತೆರೆಯಲೂ ಬೇಡಿ. ಎರಡನೇ ಹಂತದಲ್ಲಿ ಅವು ಬೇಕಾಗುತ್ತವೆ.

1. ಎಲ್ಲಿ ಸಿಕ್ಕಿಕೊಳ್ಳುತ್ತೀರಿ, ಮೊದಲು ನೋಡಿ

ಬಹಳ ಜನ ಹಾರಿಸುವುದು ಈ ಹಂತವನ್ನೇ. ಅದಕ್ಕೇ ಮುಂದಿನದು ಯಾವುದೂ ಹಿಡಿಯುವುದಿಲ್ಲ.

ಒಂದು ವಾರ ಯಾವ ಕೋಟನ್ನೂ ಹುಡುಕಬೇಡಿ. ದಿನಾ ನಿಮ್ಮ ಹವ್ಯಾಸಕ್ಕೆ ಕೂತಾಗ, ಅಥವಾ ಕೂರಬೇಕಾಗಿದ್ದು ಕೂರದೇ ಹೋದಾಗ, ನೋಟ್‌ಬುಕ್‌ನಲ್ಲಿ ಒಂದೇ ಒಂದು ಸಾಲು ಬರೆಯಿರಿ. "ಕಾಗದ ತೆಗೆದಿಟ್ಟೆ, ಏನು ಬರೆಯಬೇಕು ಗೊತ್ತಾಗಲಿಲ್ಲ, ಫೋನ್ ಹಿಡಿದೆ." "ಶಾಲು ಅರ್ಧ ಹೆಣೆದಿದ್ದೇನೆ, ಅದೇ ಸಾಲು ಅದೇ ಸಾಲು, ಬೇಸರ." "ಬೇರೆಯವರು ಬಿಡಿಸಿದ ಮುಖ ನೋಡಿದೆ, ನನ್ನದನ್ನು ಮುಚ್ಚಿಟ್ಟೆ." ಇಷ್ಟು ಸಾಕು. ಕಾರಣ ವಿಶ್ಲೇಷಣೆ ಬೇಡ, ನಿಮ್ಮನ್ನು ಬೈದುಕೊಳ್ಳುವುದೂ ಬೇಡ.

ವಾರದ ಕೊನೆಗೆ ಓದಿ ನೋಡಿ. ಏಳು ಸಾಲುಗಳಲ್ಲಿ ನಾಲ್ಕೈದು ಒಂದೇ ಜಾತಿಯವಾಗಿರುತ್ತವೆ. ನಾನು ಕಂಡ ಹಾಗೆ ಸಿಕ್ಕಿಕೊಳ್ಳುವ ಜಾಗಗಳು ಐದು. ಶುರುವೇ ಆಗುವುದಿಲ್ಲ. ಶುರುವಾಗಿ ನಡುವೆ ಬೇಸರ ಬರುತ್ತದೆ. ಪಕ್ಕದವರ ಕೆಲಸ ನೋಡಿ ಕೈ ಸೋಲುತ್ತದೆ. ಒಂದು ಕೆಟ್ಟುಹೋದರೆ ಮತ್ತೆ ಮುಟ್ಟಲು ಮನಸ್ಸಾಗುವುದಿಲ್ಲ. ಐದನೆಯದನ್ನು ಜನ ಸಮಸ್ಯೆ ಅಂತಲೇ ಅಂದುಕೊಳ್ಳುವುದಿಲ್ಲ: ಮುಗಿಸಲು ಆಗುವುದಿಲ್ಲ, ತಿದ್ದುತ್ತಲೇ ಇರುತ್ತಾರೆ.

ಇದು ಯಾಕೆ ಮುಖ್ಯ ಅಂದರೆ, ಒಬ್ಬರಿಗೆ ಮದ್ದಾದ ಮಾತು ಇನ್ನೊಬ್ಬರಿಗೆ ವಿಷ. ನಮ್ಮ ಗಾದೆಗಳನ್ನೇ ತೆಗೆದುಕೊಳ್ಳಿ. "ನಾಳೆ ಅಂದವನ ಮನೆ ಹಾಳು" ಅನ್ನುತ್ತದೆ ಒಂದು. "ಆತುರಗಾರನಿಗೆ ಬುದ್ಧಿ ಮಟ್ಟ" ಅನ್ನುತ್ತದೆ ಇನ್ನೊಂದು. ಯಾವುದು ಸರಿ? ಎರಡೂ ಸರಿ. ಶುರುವೇ ಮಾಡದವರಿಗೆ ಮೊದಲನೆಯದು ಬೇಕು. ಬಣ್ಣ ಒಣಗುವ ಮುಂಚೆಯೇ ಇನ್ನೊಂದು ಪದರ ಬಳಿದು ರಾಡಿ ಮಾಡಿಕೊಳ್ಳುವವರಿಗೆ ಎರಡನೆಯದು. ಅದಲು ಬದಲಾದರೆ ಇಬ್ಬರೂ ಕೆಟ್ಟರು. ಫೋನ್‌ಗೆ ಬಂದು ಬೀಳುವ ಕೋಟ್‌ಗಳಿಗೆ ನೀವು ಯಾರು ಎಂದು ಗೊತ್ತಿರುವುದಿಲ್ಲ.

ಎಚ್ಚರಿಕೆ: "ನನಗೆ ಮೋಟಿವೇಶನ್ ಇಲ್ಲ" ಎಂದು ಬರೆಯಬೇಡಿ. ಅದರಿಂದ ಏನೂ ತಿಳಿಯುವುದಿಲ್ಲ. ಆ ಹೊತ್ತಿನಲ್ಲಿ ಕೈ ಏನು ಮಾಡಿತು ಅಂತ ಬರೆಯಿರಿ.

ಇನ್ನೊಂದು ಸಾಧ್ಯತೆಯೂ ಇದೆ. ಸಮಸ್ಯೆ ಮನಸ್ಸಿನದೇ ಅಲ್ಲ ಎಂದು ಗೊತ್ತಾಗಬಹುದು. ಬಣ್ಣದ ಡಬ್ಬಿ ಅಟ್ಟದ ಮೇಲಿದೆ, ಸೂಜಿಗೆ ದಾರ ಪೋಣಿಸಲು ಬೆಳಕು ಸಾಲದು, ಕೂರುವ ಕುರ್ಚಿಯಲ್ಲಿ ಸೊಂಟ ನೋಯುತ್ತದೆ. ಹಾಗಿದ್ದರೆ ಕೋಟ್ ಹುಡುಕಬೇಡಿ, ಡಬ್ಬಿಯನ್ನು ಕೆಳಗಿಳಿಸಿ. ಇಲ್ಲಿಗೇ ಓದುವುದನ್ನು ನಿಲ್ಲಿಸಿದರೂ ನನಗೆ ಬೇಜಾರಿಲ್ಲ.

2. ಆರಿಸಿ, ಆದರೆ ಕಡಿಮೆ ಆರಿಸಿ

ನಿಮ್ಮ ಗುಂಡಿ ಯಾವುದು ಎಂದು ಗೊತ್ತಾಯಿತು. ಈಗ ಅದಕ್ಕೆ ಹೊಂದುವ ಮಾತುಗಳನ್ನು ಹುಡುಕಿ. ಮೊದಲಿಗೆ ಐದು ಸಾಕು. ಎಷ್ಟೇ ಆದರೂ 12 ದಾಟಬೇಡಿ. ಒಂದು ಕಾಲದಲ್ಲಿ ನನ್ನ ಫೋನ್‌ನಲ್ಲಿ ಮುನ್ನೂರು ಚಿಲ್ಲರೆ ಸ್ಕ್ರೀನ್‌ಶಾಟ್‌ಗಳಿದ್ದವು. ಆ ವರ್ಷ ಸ್ಕೆಚ್ ಪುಸ್ತಕದ ಹಾಳೆ ತುಂಬಿದ್ದು ಒಂಬತ್ತು. ಕೂಡಿಡುವ ಕೆಲಸಕ್ಕೆ ಅದರದೇ ಒಂದು ತೃಪ್ತಿ ಇದೆ, ಅದೇ ಮೋಸ.

ಎಲ್ಲಿ ಹುಡುಕಬೇಕು? ಕೋಟ್‌ಗಳ ಪಟ್ಟಿಗಳಲ್ಲಿ ಅಲ್ಲ. ಮೊದಲ ಜಾಗ ನಿಮ್ಮದೇ ನೆನಪು. ನಿಮಗೆ ಕಲಿಸಿದವರು ಕೆಲಸದ ನಡುವೆ ಹೇಳಿದ ಮಾತು. "ಕೈ ಬಿಗಿ ಹಿಡೀಬೇಡ, ಉಸಿರು ಬಿಡು" ಅನ್ನುವಂಥದ್ದು. ಯಾವ ದೊಡ್ಡವರ ಹೆಸರೂ ಅದರ ಕೆಳಗೆ ಇರುವುದಿಲ್ಲ, ಆದರೆ ನಿಮ್ಮ ಕೈಯನ್ನು ನೋಡಿ ಹೇಳಿದ ಮಾತು ಅದು. ನನ್ನ ಪ್ರಕಾರ ಇದಕ್ಕಿಂತ ಬೆಲೆ ಬಾಳುವ ಕೋಟ್ ಬೇರೆ ಇಲ್ಲ.

ಎರಡನೆಯದು ಗಾದೆಗಳು. ಚಿಕ್ಕವು, ಬಾಯಿಗೆ ಬರುತ್ತವೆ, ವಿವರಣೆ ಬೇಡ. ಮೂರನೆಯದು ಕಲಾವಿದರ ಪತ್ರಗಳು ಮತ್ತು ದಿನಚರಿಗಳು. ಭಾಷಣದಲ್ಲಿ ಜನ ಮಿಂಚುವ ಮಾತಾಡುತ್ತಾರೆ, ಪತ್ರದಲ್ಲಿ ಕಷ್ಟ ಹೇಳಿಕೊಳ್ಳುತ್ತಾರೆ. ವಿನ್ಸೆಂಟ್ ವ್ಯಾನ್ ಗೋ ಬರೆದ 800ಕ್ಕೂ ಹೆಚ್ಚು ಪತ್ರಗಳು ಉಳಿದಿವೆ, ಬಹುಪಾಲು ತಮ್ಮ ತಿಯೋಗೆ ಬರೆದವು. ಇಂಗ್ಲಿಷ್ ಅನುವಾದದಲ್ಲಿ ಅವೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವನು ಕಲಾವಿದನಾಗುತ್ತೇನೆಂದು ತೀರ್ಮಾನಿಸಿದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ಚಿತ್ರ ಸರಿ ಬರದ ಸಿಟ್ಟು, ಬಣ್ಣಕ್ಕೆ ದುಡ್ಡಿಲ್ಲದ ಪೇಚಾಟ ಎಲ್ಲ ಅಲ್ಲಿದೆ. "ವಯಸ್ಸಾಯಿತು, ಇನ್ನು ನನಗೆ ಬರುತ್ತದಾ" ಅನ್ನುವವರಿಗೆ ಎಷ್ಟೋ ಕೋಟ್‌ಗಳಿಗಿಂತ ಆ ಪತ್ರಗಳ ನಾಲ್ಕು ಪುಟ ಒಳ್ಳೆಯದು.

ಕೊನೆಗೆ ನಿಮ್ಮ ಸ್ಕ್ರೀನ್‌ಶಾಟ್‌ಗಳನ್ನೂ ತೆರೆಯಿರಿ. ಇಪ್ಪತ್ತು ನಿಮಿಷ ಅಂತ ಗಡಿ ಹಾಕಿಕೊಳ್ಳಿ.

ಆರಿಸುವಾಗ ಒಂದೇ ಪರೀಕ್ಷೆ. ಮಾತನ್ನು ಓದಿ, "ಸರಿ, ಈಗ ನಾನೇನು ಮಾಡಲಿ?" ಎಂದು ಕೇಳಿಕೊಳ್ಳಿ. ಉತ್ತರ ಬಂದರೆ ಇಟ್ಟುಕೊಳ್ಳಿ, ಬರದಿದ್ದರೆ ಬಿಡಿ. "ನಿನ್ನ ಕನಸಿಗೆ ಆಕಾಶವೇ ಮಿತಿ" ಎಂಬುದಕ್ಕೆ ಏನು ಮಾಡುತ್ತೀರಿ? ಆಕಾಶ ನೋಡಬಹುದು, ಅಷ್ಟೇ. "ಹಾಡುತ್ತಾ ಹಾಡುತ್ತಾ ರಾಗ" ಎಂಬುದಕ್ಕೆ ಉತ್ತರ ಅದರಲ್ಲೇ ಇದೆ: ಕೆಟ್ಟದಾಗಿಯೇ ಆಗಲಿ, ಬಾಯಿ ಬಿಡಬೇಕು.

ಇಲ್ಲಿ ಎರಡು ಬಲೆಗಳಿವೆ. ಒಂದು ಪ್ರಾಸದ ಬಲೆ. ಪ್ರಾಸ ಇರುವ ಮಾತು ನಿಜಕ್ಕಿಂತ ಜಾಸ್ತಿ ನಿಜ ಅನ್ನಿಸುತ್ತದೆ. 2000ದಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದರು. ಜನರಿಗೆ ಗೊತ್ತಿರದ ಗಾದೆಗಳನ್ನು ಕೆಲವರಿಗೆ ಪ್ರಾಸದೊಂದಿಗೆ ಕೊಟ್ಟರು, ಇನ್ನು ಕೆಲವರಿಗೆ ಅರ್ಥ ಅದೇ ಇಟ್ಟು ಪ್ರಾಸ ಮುರಿದು ಕೊಟ್ಟರು. ಪ್ರಾಸ ಇದ್ದದ್ದೇ ಹೆಚ್ಚು ಸರಿ ಎಂದು ಜನ ಹೇಳಿದರು. ನೀವೇ ನೋಡಿ. "ಕೈ ಕೆಸರಾದರೆ ಬಾಯಿ ಮೊಸರು" ಅನ್ನಿ. ಈಗ "ಕೈ ಮಣ್ಣಾದರೆ ಬಾಯಿಗೆ ಊಟ" ಅನ್ನಿ. ಅರ್ಥ ಹೋಗಿಲ್ಲ, ಜೀವ ಹೋಯಿತು. ಪ್ರಾಸ ಇದ್ದರೆ ತಪ್ಪೇನಿಲ್ಲ, ನೆನಪಲ್ಲಿ ಉಳಿಯಲು ಒಳ್ಳೆಯದೇ. ಆದರೆ ಆರಿಸುವ ಮುಂಚೆ ಒಮ್ಮೆ ಪ್ರಾಸ ಮುರಿದು, ಒಳಗೆ ಕಾಳಿದೆಯೋ ಬರೀ ಹೊಟ್ಟೋ ನೋಡಿ.

ಎರಡನೆಯದು ಗೆಲುವಿನ ಬಲೆ. ಸ್ಫೂರ್ತಿ ಮಾತುಗಳಲ್ಲಿ ದೊಡ್ಡ ಪಾಲು ಆಟದ ಮೈದಾನದಿಂದ, ವ್ಯಾಪಾರದಿಂದ ಬಂದವು. ಗೆಲ್ಲು, ಮುನ್ನುಗ್ಗು, ಎಲ್ಲರನ್ನೂ ಹಿಂದೆ ಹಾಕು. ಕ್ರೋಶ ಹಾಕುವವರು ಯಾರನ್ನು ಹಿಂದೆ ಹಾಕಬೇಕು? ಹವ್ಯಾಸ ಉಳಿಯುವುದು ಒಳಪ್ರೇರಣೆಯಿಂದ, ಅಂದರೆ ಬಹುಮಾನ, ಹೊಗಳಿಕೆ ಯಾವುದೂ ಇಲ್ಲದಿದ್ದರೂ ಮಾಡುವುದರಲ್ಲೇ ಸಿಗುವ ಖುಷಿಯಿಂದ. 1973ರ ಒಂದು ಹೆಸರಾದ ಪ್ರಯೋಗದಲ್ಲಿ, ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ "ಬಿಡಿಸಿದರೆ ಬಹುಮಾನ" ಎಂದು ಮೊದಲೇ ಹೇಳಿ ಬಿಡಿಸಿದರು. ಆಮೇಲೆ ಆ ಮಕ್ಕಳು ತಾವಾಗಿಯೇ ಚಿತ್ರ ಬಿಡಿಸುವುದು ಕಡಿಮೆಯಾಯಿತು. ನಿಮ್ಮ ಹವ್ಯಾಸವನ್ನು ಓಟದ ಪಂದ್ಯ ಮಾಡುವ ಮಾತು ಎಷ್ಟೇ ರೋಮಾಂಚನ ಕೊಟ್ಟರೂ ಪಕ್ಕಕ್ಕಿಡಿ.

3. ಯಾರು ಹೇಳಿದ್ದು, ಯಾಕೆ ಹೇಳಿದ್ದು, ಒಮ್ಮೆ ನೋಡಿ

ಹತ್ತು ನಿಮಿಷದ ಕೆಲಸ. ಐನ್‌ಸ್ಟೈನ್ ಹೆಸರಲ್ಲಿ ಓಡಾಡುವ "ಒಂದೇ ಕೆಲಸ ಮತ್ತೆ ಮತ್ತೆ ಮಾಡಿ ಬೇರೆ ಫಲ ಬಯಸುವುದೇ ಹುಚ್ಚು" ಎಂಬ ಮಾತನ್ನು ಅವರು ಹೇಳಿದ್ದಕ್ಕೆ ಆಧಾರವೇ ಇಲ್ಲ. "ನೀವು ಬಯಸುವ ಬದಲಾವಣೆ ನೀವೇ ಆಗಿ" ಎಂಬ ಸಾಲು ಅದೇ ರೂಪದಲ್ಲಿ ಗಾಂಧೀಜಿಯವರ ಬರಹಗಳಲ್ಲಿ ಇಲ್ಲ. ನಾವು ಬದಲಾದರೆ ಲೋಕವೂ ಬದಲಾಗುತ್ತದೆ ಎಂಬ ಅರ್ಥದ ಮಾತನ್ನು ಅವರು 1913ರಲ್ಲಿ ಬರೆದದ್ದುಂಟು. ಅದು ಸವೆದು ಸವೆದು ಸ್ಟಿಕ್ಕರ್ ಆಯಿತು.

ಹವ್ಯಾಸಕ್ಕೆ ಇದೆಲ್ಲ ಯಾಕೆ ಅಂತೀರಾ? ಪಾಂಡಿತ್ಯಕ್ಕಲ್ಲ. ಮೂಲ ಗೊತ್ತಾದಾಗ ಮಾತಿನ ಅರ್ಥ ಎಷ್ಟೋ ಸಲ ಬೇರೆಯಾಗುತ್ತದೆ, ಹೆಚ್ಚು ಕೆಲಸಕ್ಕೂ ಬರುತ್ತದೆ. "ಬದುಕು ಚಿಕ್ಕದು, ಕಲೆ ದೊಡ್ಡದು" ಎಂಬುದನ್ನು ನಾವು ಕಲೆಯ ಹೊಗಳಿಕೆ ಅಂದುಕೊಳ್ಳುತ್ತೇವೆ, ಕಲಾವಿದ ಹೋದರೂ ಕಲೆ ಉಳಿಯುತ್ತದೆ ಅಂತ. ಅದು ಪುರಾತನ ಗ್ರೀಸಿನ ವೈದ್ಯ ಹಿಪೊಕ್ರೆಟಿಸ್ ಹೆಸರಲ್ಲಿ ಬಂದ ಸೂತ್ರಗಳ ಮೊದಲ ಸಾಲು. ಅಲ್ಲಿ ಕಲೆ ಅಂದರೆ ಚಿತ್ರ, ಸಂಗೀತ ಅಲ್ಲ, ವೈದ್ಯದ ಕಸುಬು. ಕಲಿಯಬೇಕಾದದ್ದು ಬಹಳ, ಇರುವ ಸಮಯ ಕಡಿಮೆ, ಅಷ್ಟೇ ಅದರ ಅರ್ಥ. ಕೊಳಲಿನಲ್ಲಿ ಮೂರು ತಿಂಗಳಿಂದ ಒಂದೇ ಸ್ವರಕ್ಕೆ ತಿಣುಕುತ್ತಿರುವವರಿಗೆ ಈ ಎರಡನೇ ಅರ್ಥವೇ ಸಮಾಧಾನ ಕೊಡುತ್ತದೆ. ನಿಮ್ಮ ತಪ್ಪಲ್ಲ, ಕಸುಬೇ ಅಷ್ಟು ಉದ್ದ.

ನೋಡುವುದು ಹೇಗೆ? ಕೋಟ್‌ನ ಕೆಳಗೆ ಹೆಸರು ಮಾತ್ರ ಇದ್ದು ಪುಸ್ತಕ, ಪತ್ರ, ಇಸವಿ ಯಾವುದೂ ಇಲ್ಲದಿದ್ದರೆ ಅನುಮಾನಪಡಿ. ಹೆಸರಾದ ಮಾತುಗಳನ್ನು ಕೂಡಿಡುವ ಜಾಲತಾಣ ಇಂಗ್ಲಿಷ್ ವಿಕಿಕೋಟ್‌ನಲ್ಲಿ ಎಷ್ಟೋ ಹೆಸರಾಂತರ ಪುಟಗಳಲ್ಲಿ ವಿವಾದಿತ ಮಾತುಗಳು, ತಪ್ಪಾಗಿ ಅವರ ತಲೆಗೆ ಕಟ್ಟಿದ ಮಾತುಗಳು ಎಂದು ಬೇರೆ ವಿಭಾಗಗಳೇ ಇವೆ. ಅಲ್ಲಿ ಹುಡುಕಿ. ಮೂಲ ಸಿಗದಿದ್ದರೂ ಮಾತು ಇಷ್ಟವಾಗಿದ್ದರೆ ಇಟ್ಟುಕೊಳ್ಳಿ. ಹೆಸರು ಮಾತ್ರ ಬರೆಯಬೇಡಿ. ದೊಡ್ಡ ಹೆಸರು ತೆಗೆದ ಮೇಲೂ ಮಾತು ನಿಲ್ಲುತ್ತದಾ ಎಂದು ನೋಡಲು ಇದು ಒಳ್ಳೆಯ ಪರೀಕ್ಷೆಯೂ ಹೌದು.

4. ನಿಮ್ಮ ಅಳತೆಗೆ ಹೊಲಿದುಕೊಳ್ಳಿ

ಇಂಗ್ಲಿಷ್ ಕೋಟ್ ಇದ್ದರೆ ಅದನ್ನು ನಿಮ್ಮ ಮನೆಯ ಕನ್ನಡಕ್ಕೆ ತನ್ನಿ. ಪುಸ್ತಕದ ಕನ್ನಡಕ್ಕಲ್ಲ. "ನಿರಂತರ ಪರಿಶ್ರಮವೇ ಯಶಸ್ಸಿನ ಸೋಪಾನ" ಎಂದು ಬರೆದಿಟ್ಟರೆ ಶಾಲೆಯ ಗೋಡೆ ನೆನಪಾಗುತ್ತದೆ. "ಇವತ್ತೂ ಒಂಚೂರು ಮಾಡು" ಎಂದು ಬರೆದರೆ ಯಾರೋ ನಿಮ್ಮವರೇ ಹೇಳಿದ ಹಾಗಿರುತ್ತದೆ. ಒಂದು ಮಾತನ್ನು ಹೀಗೆ ನಿಮ್ಮ ಮಾತಿಗೆ ತರುವಾಗಲೇ ಅದು ಅರ್ಧ ಒಳಗೆ ಇಳಿದಿರುತ್ತದೆ.

ಆಮೇಲೆ ದೊಡ್ಡದನ್ನು ಚಿಕ್ಕದು ಮಾಡಿ. ಜೀವನ, ಜಗತ್ತು, ಎಂದೆಂದಿಗೂ ಎಂಬ ಪದಗಳಿದ್ದರೆ ಹೊಡೆದುಹಾಕಿ, ಆ ಜಾಗದಲ್ಲಿ ನಿಮ್ಮ ಹಾಳೆ, ನಿಮ್ಮ ದಾರ, ಇವತ್ತಿನ ಸಂಜೆ ಎಂದು ಬರೆಯಿರಿ. ರಷ್ಯಾದ ಸಂಗೀತ ರಚನೆಕಾರ ಚೈಕೋವ್‌ಸ್ಕಿ 1878ರಲ್ಲಿ ತನ್ನ ಪೋಷಕಿಗೆ ಬರೆದ ಪತ್ರವೊಂದರಲ್ಲಿ, ಸ್ಫೂರ್ತಿ ಎಂಬ ಅತಿಥಿ ಸೋಮಾರಿಗಳ ಹತ್ತಿರ ಬರಲು ಇಷ್ಟಪಡುವುದಿಲ್ಲ ಎಂಬ ಅರ್ಥದಲ್ಲಿ ಹೇಳುತ್ತಾನೆ. ನನ್ನ ಚೀಟಿಯಲ್ಲಿ ಅದು "ನೆಂಟರು ಬರಲಿ ಬಿಡಲಿ, ಚಾಪೆ ಹಾಸು" ಎಂದಾಗಿದೆ. ಚಾಪೆ ಅಂದರೆ ನನಗೆ ಡ್ರಾಯಿಂಗ್ ಹಾಳೆ. ಬೇರೆಯವರಿಗೆ ಇದು ತಮಾಷೆಯಾಗಿ ಕಾಣಬಹುದು. ಚೀಟಿ ನನ್ನದು ತಾನೆ.

ಎಚ್ಚರಿಕೆ: ನಿಮಗೇ ನಂಬಿಕೆ ಇಲ್ಲದ ಹೊಗಳಿಕೆಯನ್ನು ಬರೆದುಕೊಳ್ಳಬೇಡಿ. "ನಾನು ಅದ್ಭುತ ಕಲಾವಿದೆ" ಎಂದು ದಿನಾ ಕನ್ನಡಿ ಮುಂದೆ ಹೇಳಿಕೊಳ್ಳಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ವಿರುದ್ಧ ಹೇಳುತ್ತದೆ. ತಮ್ಮ ಬಗ್ಗೆ ಮೊದಲೇ ಕೀಳು ಭಾವನೆ ಇದ್ದವರು "ನಾನು ಪ್ರೀತಿಗೆ ಯೋಗ್ಯ ವ್ಯಕ್ತಿ" ಎಂದು ಮತ್ತೆ ಮತ್ತೆ ಹೇಳಿಕೊಂಡಾಗ, ಹೇಳಿಕೊಳ್ಳದವರಿಗಿಂತ ಅವರ ಮನಸ್ಸು ಇನ್ನೂ ಕುಗ್ಗಿತ್ತು. ಒಳಗಿನಿಂದ "ಸುಳ್ಳು" ಎಂಬ ಉತ್ತರ ಬರುತ್ತದೆ ನೋಡಿ. ಅದಕ್ಕೆ ನಿಮ್ಮ ಬಗ್ಗೆ ಹೇಳುವ ಮಾತಿಗಿಂತ ಕೆಲಸದ ಬಗ್ಗೆ ಹೇಳುವ ಮಾತು ವಾಸಿ. "ನಾನು ಚೆನ್ನಾಗಿ ಬರೆಯುತ್ತೇನೆ" ಬೇಡ. "ಮೊದಲ ಕರಡು ಕೆಟ್ಟದಾಗಿರಲಿ" ಸಾಕು. ಇದನ್ನು ನಂಬಲು ಯಾರಿಗೂ ಕಷ್ಟವಿಲ್ಲ.

5. ಚೀಟಿಯ ಹಿಂಬದಿ

ಇಡೀ ಲೇಖನದಲ್ಲಿ ಒಂದನ್ನೇ ಮಾಡುತ್ತೇನೆ ಅನ್ನುವವರಿದ್ದರೆ ಇದನ್ನು ಮಾಡಿ.

ಚೀಟಿಯ ಮುಂದೆ ಮಾತು. ಹಿಂದೆ ಒಂದೇ ವಾಕ್ಯ, "ಹೀಗಾದಾಗ ಹೀಗೆ ಮಾಡುತ್ತೇನೆ" ಎಂಬ ಅಚ್ಚಿನಲ್ಲಿ. ಇದನ್ನು ಮನಶ್ಶಾಸ್ತ್ರದಲ್ಲಿ ಅನುಷ್ಠಾನ ಸಂಕಲ್ಪ ಎನ್ನಬಹುದು. ಹೆಸರು ಭಾರವಾದರೂ ವಿಷಯ ಸರಳ: ಏನು ಮಾಡಬೇಕು ಎಂದಷ್ಟೇ ಅಲ್ಲ, ಯಾವಾಗ, ಎಲ್ಲಿ, ಹೇಗೆ ಎಂದೂ ಮೊದಲೇ ತೀರ್ಮಾನಿಸಿಡುವುದು. ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದವರು. ಸುಮ್ನೆ "ಮಾಡುತ್ತೇನೆ" ಅಂದುಕೊಂಡವರಿಗಿಂತ ಹೀಗೆ ಗಂಟು ಹಾಕಿಟ್ಟವರು ಕೆಲಸ ಮಾಡಿ ಮುಗಿಸುವುದು ಹೆಚ್ಚು ಎಂದು ಬಹಳಷ್ಟು ಪ್ರಯೋಗಗಳಲ್ಲಿ ಕಂಡುಬಂದಿದೆ. ಆ ಕ್ಷಣದಲ್ಲಿ ಯೋಚಿಸಬೇಕಾದದ್ದು ಏನೂ ಉಳಿದಿರುವುದಿಲ್ಲ, ಅದೇ ಕಾರಣ.

ಕೆಲವು ಮಾದರಿಗಳು. ಕಾಪಿ ಮಾಡಬೇಡಿ, ನಿಮ್ಮ ದಿನಕ್ಕೆ ಹೊಂದಿಸಿಕೊಳ್ಳಿ.

ಮುಂದೆ: ಹನಿ ಹನಿ ಕೂಡಿದರೆ ಹಳ್ಳ. ಹಿಂದೆ: ರಾತ್ರಿ ಪಾತ್ರೆ ತೊಳೆದು ಕೈ ಒರೆಸಿಕೊಂಡ ಕೂಡಲೇ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಸಾಲು ಹೆಣೆಯುತ್ತೇನೆ.

ಮುಂದೆ: ಹಾಡುತ್ತಾ ಹಾಡುತ್ತಾ ರಾಗ. ಹಿಂದೆ: ಸ್ವರ ತಪ್ಪಿ ನಾಚಿಕೆಯಾದಾಗ ನಿಲ್ಲಿಸುವುದಿಲ್ಲ, ಅದೇ ಸಾಲನ್ನು ಅರ್ಧ ವೇಗದಲ್ಲಿ ಮೂರು ಸಲ ಹಾಡುತ್ತೇನೆ.

ಮುಂದೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಿಂದೆ: ಹೊಸ ಲೆನ್ಸ್ ನೋಡಬೇಕು ಅನ್ನಿಸಿದಾಗ ಇರುವ ಕ್ಯಾಮೆರಾದಲ್ಲೇ ಒಂದೇ ವಸ್ತುವಿನ ಹತ್ತು ಫೋಟೋ ತೆಗೆಯುತ್ತೇನೆ.

ಈ ಮೂರನೆಯದು ಸ್ಫೂರ್ತಿಯ ಮಾತಲ್ಲ, ಚುಚ್ಚು ಮಾತು. ಕೆಲವರಿಗೆ ಚುಚ್ಚಿದರೇ ಎದ್ದೇಳುವ ಸ್ವಭಾವ. ನಿಮಗೆ ಹಾಗಿಲ್ಲವಾದರೆ ಇಂಥವನ್ನು ಹತ್ತಿರ ಸೇರಿಸಬೇಡಿ. ಸೋತು ಕೂತ ಹೊತ್ತಿನಲ್ಲಿ ನಿಮ್ಮದೇ ಅಕ್ಷರ ನಿಮ್ಮನ್ನು ಹಂಗಿಸಬಾರದು.

ಸಾಮಾನ್ಯ ತಪ್ಪು ಏನೆಂದರೆ ಹಿಂಬದಿಯ ವಾಕ್ಯವನ್ನು ದೊಡ್ಡದು ಮಾಡುವುದು. "ಸಮಯ ಸಿಕ್ಕಾಗ ಒಂದು ಗಂಟೆ ಅಭ್ಯಾಸ ಮಾಡುತ್ತೇನೆ" ಎಂಬಲ್ಲಿ ಎರಡು ದೋಷ. ಸಮಯ ತಾನಾಗಿ ಸಿಗುವ ವಸ್ತುವಲ್ಲ. ಒಂದು ಗಂಟೆ ಅಂದ ತಕ್ಷಣ ಮನಸ್ಸು ನಾಳೆಗೆ ಓಡುತ್ತದೆ. ಎರಡು ನಿಮಿಷದಲ್ಲಿ ಶುರು ಮಾಡಬಹುದಾದದ್ದನ್ನೇ ಬರೆಯಿರಿ.

6. ಕೈ ಹೋಗುವ ಜಾಗದಲ್ಲಿ ಇಡಿ

ಕಣ್ಣು ಹೋಗುವ ಜಾಗದಲ್ಲಲ್ಲ, ಕೈ ಹೋಗುವ ಜಾಗದಲ್ಲಿ. ಗೋಡೆಯ ಮೇಲಿನ ಪೋಸ್ಟರ್ ನಾಲ್ಕು ದಿನ ಕಾಣುತ್ತದೆ, ಐದನೇ ದಿನ ಗೋಡೆಯ ಬಣ್ಣದಷ್ಟೇ. ಬದಲಾಗದೆ ಕಣ್ಣ ಮುಂದೆ ಇರುವುದನ್ನು ಮೆದುಳು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ. ಫೋನಿನ ವಾಲ್‌ಪೇಪರ್ ಇದಕ್ಕಿಂತ ಕೆಟ್ಟ ಜಾಗ. ಅದನ್ನು ನೋಡಿದ ಮರುಕ್ಷಣವೇ ಬೆರಳು ಬೇರೆ ಕಡೆ ಹೋಗಿರುತ್ತದೆ.

ಬಣ್ಣದ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ. ದಾರದ ಚೀಲದಲ್ಲಿ ಉಂಡೆಯ ಮೇಲಿಡಿ. ಕೊಳಲಿನ ಚೀಲದ ಬಾಯಲ್ಲಿ ಸಿಕ್ಕಿಸಿ. ಬರೆಯುವವರಾದರೆ ನಿನ್ನೆ ನಿಲ್ಲಿಸಿದ ಪುಟದಲ್ಲಿ ಗುರುತಿಗೆ ಇಡಿ. ಚೀಟಿ ಸರಿಸದೆ ಕೆಲಸ ಶುರುವಾಗಬಾರದು, ಹಾಗಿರಲಿ. ಒಂದು ಸಲಕ್ಕೆ ಒಂದೇ ಚೀಟಿ. ಎರಡು ವಾರಕ್ಕೊಮ್ಮೆ ಬದಲಿಸಿ.

7. ಓದಿ, ಕೆಳಗಿಡಿ, ಶುರು ಮಾಡಿ

ಚೀಟಿ ಓದಲು ಹತ್ತು ಸೆಕೆಂಡು. ಗಟ್ಟಿಯಾಗಿ ಓದಿದರೆ ಇನ್ನೂ ಒಳ್ಳೆಯದು. ತಿರುಗಿಸಿ ಹಿಂಬದಿ ಓದಿ. ಕೆಳಗಿಡಿ. ಎರಡು ನಿಮಿಷದೊಳಗೆ ಕೈಯಲ್ಲಿ ಕುಂಚವೋ ಸೂಜಿಯೋ ಇರಬೇಕು. "ಇನ್ನೊಂದು ಓದಿ ಶುರು ಮಾಡುತ್ತೇನೆ" ಅನ್ನಿಸಿತಾ? ಆ ಮಾತು ನಿಮ್ಮ ಸೋಮಾರಿತನದ್ದು.

ಪ್ರಾಚೀನ ಗ್ರೀಸಿನ ಚಿತ್ರಕಾರ ಅಪೆಲೀಸ್ ಬಗ್ಗೆ ಒಂದು ಮಾತಿದೆ. ಎಷ್ಟೇ ಕೆಲಸವಿದ್ದರೂ ಒಂದು ಗೆರೆಯನ್ನಾದರೂ ಎಳೆಯದೆ ಅವನು ದಿನ ಕಳೆಯುತ್ತಿರಲಿಲ್ಲವಂತೆ. ಮೊದಲ ಶತಮಾನದ ರೋಮನ್ ಬರಹಗಾರ ಪ್ಲಿನಿ ಇದನ್ನು ದಾಖಲಿಸಿದ್ದಾನೆ. ಆ ಅಭ್ಯಾಸದಿಂದಲೇ ಒಂದು ಗಾದೆ ಹುಟ್ಟಿತು ಎನ್ನುತ್ತಾನೆ. ಗಮನಿಸಿ, ಅಲ್ಲಿ ಮೊದಲು ಗೆರೆ, ಆಮೇಲೆ ಗಾದೆ. ನಮ್ಮಲ್ಲಿ ಈಗ ಉಲ್ಟಾ ಆಗಿದೆ.

ಇನ್ನು ಸ್ಟೇಟಸ್ ವಿಷಯ. ಕೋಟ್ ಇಷ್ಟವಾದ ತಕ್ಷಣ "ಇವತ್ತಿನಿಂದ ದಿನಾ ಚಿತ್ರ!" ಎಂದು ಹಾಕಿಬಿಡುತ್ತೇವೆ. ಹತ್ತು ಲೈಕ್ ಬರುತ್ತವೆ. ಅಲ್ಲಿಗೆ ಅರ್ಧ ಚಿತ್ರ ಬಿಡಿಸಿದಷ್ಟು ತೃಪ್ತಿ. "ಆಡದೆ ಮಾಡುವವನು ರೂಢಿಯೊಳಗುತ್ತಮನು" ಎಂಬ ಸರ್ವಜ್ಞನ ಮಾತು ನಮಗೆಲ್ಲ ಬಾಯಿಪಾಠ. ಮೇಲೆ ಹೇಳಿದ ಗೋಲ್‌ವಿಟ್ಜರ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ ಹತ್ತಿರ ಹತ್ತಿರ ಇದೇ ಕಂಡಿತು. "ನಾನು ಇಂಥವನಾಗಬೇಕು" ಎಂಬ ಬಗೆಯ ಗುರಿಯನ್ನು ಬೇರೆಯವರು ಓದಿ ಗಮನಿಸಿದಾಗ, ಅದಕ್ಕಾಗಿ ಜನ ದುಡಿಯುವುದು ಕಡಿಮೆಯಾಗಿತ್ತು. ಹಾಕಲೇಬೇಕು ಅನ್ನಿಸಿದರೆ ಕೆಲಸ ಆದ ಮೇಲೆ ಹಾಕಿ. ಕೋಟ್ ಅಲ್ಲ, ಮಾಡಿದ್ದನ್ನು.

8. ತಿಂಗಳಿಗೊಮ್ಮೆ ಕಳೆ ಕೀಳಿ

ಪ್ರತಿ ಸಲ ಚೀಟಿ ಓದಿ ನಿಜವಾಗಿ ಕೆಲಸ ಶುರುವಾದರೆ ಮೂಲೆಯಲ್ಲಿ ಒಂದು ಗೀಟು ಎಳೆಯಿರಿ. ಓದಿಯೂ ಶುರುವಾಗದಿದ್ದರೆ ಚುಕ್ಕೆ. ತಿಂಗಳ ಕೊನೆಗೆ ಚುಕ್ಕೆಗಳೇ ಜಾಸ್ತಿ ಇರುವ ಚೀಟಿಯನ್ನು ತೆಗೆಯಿರಿ, ಮಾತು ಎಷ್ಟೇ ಚಂದ ಇರಲಿ, ಹೇಳಿದವರು ಎಷ್ಟೇ ದೊಡ್ಡವರಿರಲಿ. ಗೀಟು ತುಂಬಿದ ಚೀಟಿ ಹರಿದುಹೋಗುವ ತನಕ ಇರಲಿ. ತೆಗೆದ ಜಾಗಕ್ಕೆ ನಿಮ್ಮ ನೋಟ್‌ಬುಕ್‌ನಿಂದಲೇ ಒಂದು ಸಾಲು ತನ್ನಿ. "ಕಣ್ಣು ಸರಿ ಬರದಿದ್ದಾಗ ಮೂಗಿನಿಂದ ಶುರು ಮಾಡಿದೆ, ಬಂತು" ಎಂದು ನೀವೇ ಬರೆದಿದ್ದರೆ, ನಿಮಗೆ ಅದಕ್ಕಿಂತ ದೊಡ್ಡ ಕೋಟ್ ಬೇಕಿಲ್ಲ. ಆರು ತಿಂಗಳಲ್ಲಿ 12 ಚೀಟಿಗಳಲ್ಲಿ ಅರ್ಧ ನಿಮ್ಮದೇ ಮಾತುಗಳಾಗಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ.

"21 ದಿನ ಮಾಡಿದರೆ ಅಭ್ಯಾಸವಾಗುತ್ತದಂತಲ್ಲ?" ಎಂದು ಕೇಳುವವರಿಗೆ: ಅದನ್ನು ನಂಬಿ ಕೂರಬೇಡಿ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿದರು. ಊಟ, ಕುಡಿಯುವುದು, ವ್ಯಾಯಾಮಕ್ಕೆ ಸಂಬಂಧಿಸಿದ ಹೊಸ ರೂಢಿಗಳು ತಾವಾಗಿ ನಡೆಯುವಷ್ಟು ಬೇರೂರಲು ಹಿಡಿಯುವ ಸಮಯವನ್ನು ಲೆಕ್ಕ ಹಾಕಿದರು. ನಡುವಿನ ಅಂಕಿ 66 ದಿನ. ಕೆಲವರಿಗೆ 18, ಕೆಲವರಿಗೆ 254 (12 ವಾರ ದಾಟಿದ್ದು ಅಂದಾಜಿನ ಲೆಕ್ಕ). ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ಹಾನಿಯೇನೂ ಆಗಿರಲಿಲ್ಲ. ಹವ್ಯಾಸದ ಲೆಕ್ಕ ಬೇರೆ ಇರಬಹುದು, ಆದರೆ ಇಪ್ಪತ್ತೆರಡನೇ ದಿನ ಬೇಸರ ಬಂದರೆ ನೀವು ಸೋತಿರಿ ಅಂತಲ್ಲ.

ಮಾತು ಕೆಲಸ ಮಾಡದ ಹೊತ್ತು

ಮೈ ದಣಿದಿದ್ದರೆ ಚೀಟಿ ಮುಟ್ಟಬೇಡಿ, ಮಲಗಿ. ಮುಖದ ನೆರಳು ಹಾಕುವುದು ಹೇಗೆ ಎಂದೇ ಗೊತ್ತಿಲ್ಲದಿದ್ದರೆ ಬೇಕಾದದ್ದು ಹುರುಪಲ್ಲ, ಪಾಠ. ಗೊತ್ತಿದ್ದವರನ್ನು ಕೇಳಿ. ಒಂದು ಹವ್ಯಾಸ ನಿಜವಾಗಿಯೂ ಸಾಕಾಗಿದ್ದರೆ ಬಿಡಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. "ಎಂದೂ ಕೈಬಿಡಬೇಡಿ" ಎಂಬ ಕೋಟ್ ಬರೆದವರು ನಿಮ್ಮ ಮನೆಗೆ ಬಂದು ಉಳಿದ ದಾರ ಹೆಣೆಯುವುದಿಲ್ಲ. ಆದರೆ ಮೊದಲು ಖುಷಿ ಕೊಡುತ್ತಿದ್ದ ಯಾವುದೂ ವಾರಗಟ್ಟಲೆ ಖುಷಿ ಕೊಡುತ್ತಿಲ್ಲ, ನಿದ್ದೆ, ಊಟ ಎರಡೂ ಕೆಟ್ಟಿದೆ ಎಂದಾದರೆ ಅದು ಚೀಟಿಯಿಂದ ಸರಿಹೋಗುವ ವಿಷಯವಲ್ಲ. ವೈದ್ಯರನ್ನು ಕಾಣಿ.

ತೆಗೆದುಹಾಕಿದ ಚೀಟಿಗಳನ್ನು ಏನು ಮಾಡಲಿ ಎಂದೂ ಕೆಲವರು ಕೇಳಿದ್ದಾರೆ. ಎಸೆಯಬೇಡಿ. ದಪ್ಪ ಕಾಗದ, ಅಕ್ಷರದ ಸುತ್ತ ಇನ್ನೂ ಖಾಲಿ ಜಾಗ ಇರುತ್ತದೆ. ನಾನು ಅವುಗಳ ಮೇಲೆ ಬಣ್ಣ ಬೆರೆಸಿ ನೋಡುತ್ತೇನೆ.